ಲಾಂಗಿಯರ್‌ಬೀನ್‌ಗೆ ಹೋಗಿ ನೆಲೆಸುವುದು: ವೀಸಾ ಬೇಡ ಅಂತಾರೆ, ನಿಜಾನಾ?

ಕುಂದಾಪುರದ ಅಡುಗೆಯವ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಬೆಂಗಳೂರಿನ ಒಂದು ಹೋಟೆಲ್‌ನಲ್ಲಿ ಏಳು ವರ್ಷದಿಂದ ಅಡುಗೆ ಕೆಲಸ. ಮದುವೆ ಆಗಿಲ್ಲ. ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ.

ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಲಾಂಗಿಯರ್‌ಬೀನ್ ಅಂತ ಒಂದು ಊರಿದೆ. ಅಲ್ಲಿಗೆ ಯಾರು ಬೇಕಾದರೂ ಹೋಗಿ ಇರಬಹುದು, ವೀಸಾನೂ ಬೇಡ, ವರ್ಕ್ ಪರ್ಮಿಟ್ಟೂ ಬೇಡ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅದಾದ ಮೇಲೆ ಒಬ್ಬ ಏಜೆಂಟ್ ಫೋನ್ ಮಾಡಿದ್ದ. 3 ಲಕ್ಷ ಕೊಟ್ಟರೆ ಎಲ್ಲಾ ಮಾಡಿಸಿಕೊಡ್ತೀನಿ ಅಂದ. ಹಣ ಇನ್ನೂ ಕೊಟ್ಟಿಲ್ಲ. ಅಲ್ಲಿ ಇದ್ದು ಬಂದ ಕನ್ನಡದವರು ಯಾರಾದರೂ ಇದ್ದರೆ ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ. ಚಳಿ, ಕತ್ತಲೆ, ಊಟ, ಬಾಡಿಗೆ, ಎಲ್ಲಾ ತಿಳಿಯಬೇಕು. ಮುಂದೆ ಅಮ್ಮನನ್ನೂ ಕರೆದುಕೊಂಡು ಹೋಗಬಹುದಾ?

ನಾಲ್ಕು ವರ್ಷ ಅಲ್ಲಿದ್ದವಳು

ಮೊದಲು ಆ ಏಜೆಂಟ್‌ಗೆ ಒಂದು ರೂಪಾಯಿನೂ ಕೊಡಬೇಡಿ ತಮ್ಮಾ. ವರ್ಕ್ ಪರ್ಮಿಟ್ಟೇ ಇಲ್ಲದ ಊರಿಗೆ ಅವನು ಏನು ಮಾಡಿಸಿಕೊಡ್ತಾನೆ?

ನಾನು ಅಲ್ಲಿ ಒಂದು ಹೋಟೆಲ್‌ನಲ್ಲಿ ನಾಲ್ಕು ವರ್ಷ ಇದ್ದೆ. ಮೊದಲ ವರ್ಷ ರೂಮ್ ಸ್ವಚ್ಛ ಮಾಡುವ ಕೆಲಸ, ಆಮೇಲೆ ರಿಸೆಪ್ಷನ್. ವಿಡಿಯೋದಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಸ್ವಾಲ್‌ಬಾರ್ಡ್‌ನಲ್ಲಿ ಇರಲು, ದುಡಿಯಲು ವೀಸಾ ಬೇಡ, ಸರಿ. ಆದರೆ ಅಲ್ಲಿಗೆ ತಲುಪುವುದು ಹೇಗೆ? ದಿನನಿತ್ಯದ ವಿಮಾನ ಇರುವುದು ಮುಖ್ಯ ನಾರ್ವೆಯ ಓಸ್ಲೋ ಮತ್ತು ಟ್ರೋಮ್ಸೋದಿಂದ. ಅವೆರಡೂ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪ್ ದೇಶಗಳ ಗುಂಪು) ಒಳಗೆ ಬರುತ್ತವೆ, ಸ್ವಾಲ್‌ಬಾರ್ಡ್ ಷೆಂಗೆನ್ ಹೊರಗೆ. ಹಾಗಾಗಿ ನಮ್ಮ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕೇ ಬೇಕು. ಅದೂ ಎರಡು ಸಲ ಒಳಗೆ ಬರಲು ಬಿಡುವ ವೀಸಾ. ಹೋಗುವಾಗ ಒಂದು ಸಲ, ವಾಪಸ್ ಬರುವಾಗ ಇನ್ನೊಂದು ಸಲ. ಒಂದೇ ಎಂಟ್ರಿ ವೀಸಾದಲ್ಲಿ ಹೋದರೆ ವಾಪಸ್ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಅಲ್ಲೇ ಇರುವಾಗ ವೀಸಾದ ಅವಧಿ ಮುಗಿದಿದ್ದರೂ ಅಷ್ಟೇ, ಹೊರಡುವ ಮೊದಲು ಹೊಸದು ಬೇಕು.

ಇನ್ನು ಮನೆ. ಎಲ್ಲದಕ್ಕಿಂತ ಕಷ್ಟ ಇದೇ. ಅಲ್ಲಿನ ಮನೆಗಳು ಹೆಚ್ಚಾಗಿ ಕಂಪನಿಗಳ ಕೈಯಲ್ಲಿ, ಸರ್ಕಾರದ ಕೈಯಲ್ಲಿ ಇವೆ. ಕೆಲಸದ ಜೊತೆಗೇ ಮನೆ ಬರುತ್ತದೆ, ಕೆಲಸ ಹೋದರೆ ಮನೆಯೂ ಹೋಗುತ್ತದೆ. ಹೊರಗಡೆ ಬಾಡಿಗೆಗೆ ಸಿಗುವುದು ಬಹಳ ಕಮ್ಮಿ, ಸಿಕ್ಕರೂ ದುಬಾರಿ. "ಮೊದಲು ಹೋಗೋಣ, ಆಮೇಲೆ ಕೆಲಸ ಹುಡುಕೋಣ" ಅಂತ ಬಂದು, ಸ್ನೇಹಿತರ ಸೋಫಾದ ಮೇಲೆ ಮಲಗಿ, ಕೈಲಿದ್ದ ದುಡ್ಡು ಕರಗಿದ ಮೇಲೆ ಗಂಟುಮೂಟೆ ಕಟ್ಟಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೈಯಲ್ಲಿ ಕೆಲಸದ ಪತ್ರ ಇರಬೇಕು. ಆ ಪತ್ರದಲ್ಲೇ ರೂಮ್ ಬಗ್ಗೆ ಬರೆದಿರಬೇಕು. ಎರಡೂ ಇದ್ದರೆ ಮಾತ್ರ ಟಿಕೆಟ್ ತೆಗೆಯಿರಿ.

ಅಮ್ಮನ ವಿಷಯ ನಾಳೆ ಬರೆಯುತ್ತೇನೆ. ಅದನ್ನು ಒಂದೇ ಸಾಲಲ್ಲಿ ಹೇಳಲು ಆಗುವುದಿಲ್ಲ.

ಇತಿಹಾಸ ಓದುವವ, ಧಾರವಾಡ

ವೀಸಾ ಯಾಕೆ ಬೇಡ ಅನ್ನುವುದಕ್ಕೆ ಒಂದು ಮಾತು ಸೇರಿಸುತ್ತೇನೆ. 1920ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ ಒಂದು ಒಪ್ಪಂದ ಆಯಿತು. ದ್ವೀಪಗಳು ನಾರ್ವೆಯದು, ಆದರೆ ಸಹಿ ಹಾಕಿದ ದೇಶಗಳ ಜನರಿಗೆ ಅಲ್ಲಿ ಹೋಗಲು, ದುಡಿಯಲು ಸಮಾನ ಹಕ್ಕು ಅಂತ. ಅದು ಜಾರಿಗೆ ಬಂದದ್ದು 1925ರಲ್ಲಿ. ಮೊದಲು ಸಹಿ ಹಾಕಿದ ದೇಶಗಳಲ್ಲಿ ಭಾರತವೂ ಇತ್ತು, ಆಗ ಬ್ರಿಟಿಷರ ಕೈಕೆಳಗೆ. ಆ ಕಾಲದ ಕಾಗದ ಇವತ್ತು ಕುಂದಾಪುರದ ಹುಡುಗನಿಗೂ ಅನ್ವಯ ಆಗುತ್ತದೆ ಅನ್ನುವುದು ನನಗಂತೂ ತುಂಬಾ ಖುಷಿ ಕೊಡುವ ವಿಷಯ.

ಒಂದು ತಿದ್ದುಪಡಿ. ಸಹಿ ಹಾಕದ ದೇಶದವರನ್ನೂ ನಾರ್ವೆ ಅಲ್ಲಿ ವೀಸಾ ಕೇಳುವುದಿಲ್ಲ. ಹಾಗಾಗಿ ಇದು ನಮಗೆ ಮಾತ್ರ ಸಿಕ್ಕ ವಿಶೇಷ ಅಲ್ಲ.

ಟ್ರೋಮ್ಸೋದಲ್ಲಿರುವ ತಾಯಿ

ನಾನು ಟ್ರೋಮ್ಸೋದಲ್ಲಿ ಇದ್ದೇನೆ. ಲಾಂಗಿಯರ್‌ಬೀನ್ ಇಲ್ಲಿಂದ ಇನ್ನೂ ಸುಮಾರು 950 ಕಿಲೋಮೀಟರ್ ಉತ್ತರಕ್ಕೆ, ನಡುವೆ ಬರೀ ಸಮುದ್ರ. ವಿಮಾನದಲ್ಲಿ ಒಂದೂವರೆ ಗಂಟೆ ದಾರಿ. ಅಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಏರ್ ಆಂಬುಲೆನ್ಸ್‌ನಲ್ಲಿ ಇಲ್ಲಿಗೇ ಕರೆತರುತ್ತಾರೆ. ಅಲ್ಲಿನ ಆಸ್ಪತ್ರೆ ಚಿಕ್ಕದು. ತುರ್ತಿಗೆ ಬೇಕಾದಷ್ಟು ಇದೆ, ಅದಕ್ಕಿಂತ ಜಾಸ್ತಿ ಇಲ್ಲ. ಬಸುರಿಯರು ಹೆರಿಗೆಗೆ ಸುಮಾರು ಮೂರು ವಾರ ಇರುವಾಗಲೇ ಊರು ಬಿಟ್ಟು ಮುಖ್ಯ ನಾರ್ವೆಗೆ ಬರಬೇಕು.

ನಾರ್ವೆಯ ಕಂಪನಿಯಲ್ಲಿ ಕೆಲಸ ಇದ್ದರೆ ಇಲ್ಲಿನ ರಾಷ್ಟ್ರೀಯ ವಿಮೆಗೆ ಸೇರುತ್ತೀರಿ. ಅದು ದೊಡ್ಡ ಆಸರೆ. ಇಲ್ಲದಿದ್ದರೆ ಸ್ವಂತ ಇನ್ಶೂರೆನ್ಸ್ ಇಲ್ಲದೆ ದಯವಿಟ್ಟು ಹೋಗಬೇಡಿ. ಕೆಲಸ ಕೊಡುವವರನ್ನು ಈ ಬಗ್ಗೆ ನೇರವಾಗಿ ಕೇಳಿ, ಸಂಕೋಚ ಬೇಡ.

ಬೆಂಗಳೂರಿನ ಐಟಿಯವ

ನನ್ನದೊಂದು ಸಣ್ಣ ಪ್ರಶ್ನೆ. ಅಲ್ಲಿ ಐದು ವರ್ಷ ಇದ್ದರೆ ನಾರ್ವೆಯ ಪಿಆರ್ (ಕಾಯಂ ಆಗಿ ಇರುವ ಹಕ್ಕು) ಸಿಗುತ್ತದಾ?

ನಾಲ್ಕು ವರ್ಷ ಅಲ್ಲಿದ್ದವಳು

ಇಲ್ಲ. ಸ್ವಾಲ್‌ಬಾರ್ಡ್‌ನಲ್ಲಿ ಹತ್ತು ವರ್ಷ ಇದ್ದರೂ ಆ ವರ್ಷಗಳು ನಾರ್ವೆಯ ಪಿಆರ್‌ಗೆ, ಪೌರತ್ವಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಂದ ಓಸ್ಲೋಗೆ ಹೋಗಿ ದುಡಿಯಬೇಕು ಅಂದರೆ ಬೆಂಗಳೂರಿನಿಂದ ಹೋಗುವವರ ಹಾಗೆಯೇ ಮೊದಲಿನಿಂದ ಪರ್ಮಿಟ್ ಮಾಡಿಸಬೇಕು. ಅದನ್ನು ಮೆಟ್ಟಿಲು ಮಾಡಿಕೊಂಡು ಯುರೋಪ್ ಸೇರೋಣ ಅನ್ನುವ ಲೆಕ್ಕಾಚಾರ ಇದ್ದರೆ ಬಿಟ್ಟುಬಿಡಿ.

ಇನ್ನೊಂದು ವಿಷಯ ನನಗೆ ತುಂಬಾ ನೋವಾದದ್ದು. ಮೊದಲು ಮೂರು ವರ್ಷ ಅಲ್ಲಿದ್ದ ವಿದೇಶಿಯರೂ ಊರಿನ ಕೌನ್ಸಿಲ್ ಚುನಾವಣೆಯಲ್ಲಿ ಓಟು ಹಾಕಬಹುದಿತ್ತು. 2022ರಲ್ಲಿ ನಿಯಮ ಬದಲಾಯಿತು. ಈಗ ಮೂರು ವರ್ಷ ಮುಖ್ಯ ನಾರ್ವೆಯಲ್ಲಿ ಇದ್ದಿರಬೇಕು. ಊರಲ್ಲಿ ಇರುವುದೇ ಸುಮಾರು 2,500 ಜನ, 50ಕ್ಕೂ ಹೆಚ್ಚು ದೇಶದವರು. ಥಾಯ್ಲೆಂಡ್‌ನವರು, ಫಿಲಿಪೈನ್ಸ್‌ನವರು ಅಲ್ಲಿ ಮಕ್ಕಳನ್ನು ಬೆಳೆಸಿ ವರ್ಷಗಟ್ಟಲೆ ಇದ್ದಾರೆ. ಊರಿನ ಅಂಗಡಿ, ಹೋಟೆಲ್, ಸ್ವಚ್ಛತೆ ಎಲ್ಲಾ ಅವರ ಕೈಯಿಂದ ನಡೆಯುತ್ತದೆ. ಅವರಿಗೇ ಓಟು ಇಲ್ಲ ಅನ್ನುವುದು ನ್ಯಾಯ ಅಲ್ಲ ಅಂತ ನನ್ನ ಅಭಿಪ್ರಾಯ.

ಈಗ ಅಮ್ಮನ ವಿಷಯ. ತಮ್ಮಾ, ಮನಸ್ಸಿಗೆ ಬೇಜಾರು ಮಾಡಿಕೊಳ್ಳಬೇಡಿ. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ವಯಸ್ಸಾದವರನ್ನು ನೋಡಿಕೊಳ್ಳುವ ವ್ಯವಸ್ಥೆಯೇ ಆ ಊರಲ್ಲಿ ಇಲ್ಲ. ವೃದ್ಧಾಶ್ರಮ ಇಲ್ಲ, ಮನೆಗೆ ಬಂದು ಆರೈಕೆ ಮಾಡುವವರಿಲ್ಲ. ನಾರ್ವೆಯವರೇ ವಯಸ್ಸಾದ ಮೇಲೆ ಊರು ಬಿಡುತ್ತಾರೆ. ಕೆಲಸ ಕಳೆದುಕೊಂಡರೆ ನಮ್ಮಂಥ ಯುರೋಪಿನ ಹೊರಗಿನವರಿಗೆ ಸಹಾಯಧನವೂ ಸಿಗುವುದಿಲ್ಲ. ತನ್ನ ಹೊಟ್ಟೆಪಾಡು ತಾನು ನೋಡಿಕೊಳ್ಳಲು ಆಗದವರನ್ನು ವಾಪಸ್ ಕಳಿಸುವ ಅಧಿಕಾರ ಗವರ್ನರ್ ಕಚೇರಿಗೆ ಇದೆ. ಯಾರು ಬೇಕಾದರೂ ಬರಬಹುದು, ಆದರೆ ಬಿದ್ದರೆ ಹಿಡಿದುಕೊಳ್ಳುವವರು ಇಲ್ಲ. ಆ ಊರಿನ ನಿಯಮ ಅಷ್ಟೇ.

ಅದಕ್ಕೇ ನಾನು ಮೊದಲ ಸಂಬಳದಿಂದಲೇ ಊರಿಗೆ ವಾಪಸ್ ಬರುವಷ್ಟು ಹಣವನ್ನು ಬೇರೆ ಖಾತೆಯಲ್ಲಿ ತೆಗೆದಿಟ್ಟಿದ್ದೆ. ನಾಲ್ಕು ವರ್ಷ ಅದನ್ನು ಮುಟ್ಟಲಿಲ್ಲ. ಅಪ್ಪನಿಗೆ ಹುಷಾರಿಲ್ಲ ಅಂತ ತಮ್ಮ ಫೋನ್ ಮಾಡಿದ ದಿನ ಅದರಿಂದಲೇ ಟಿಕೆಟ್ ತೆಗೆದೆ.

ಹಿಮದ ವಿದ್ಯಾರ್ಥಿ

ನಾನು ಲಾಂಗಿಯರ್‌ಬೀನ್‌ನ ಯೂನಿಸ್‌ನಲ್ಲಿ ಒಂದು ಸೆಮಿಸ್ಟರ್ ಓದಿದ್ದೇನೆ. 1993ರಲ್ಲಿ ಶುರುವಾದ ವಿಶ್ವವಿದ್ಯಾಲಯ ಕೇಂದ್ರ ಅದು. ಅಲ್ಲಿನ ಹವೆ ಬಗ್ಗೆ ಹೇಳುತ್ತೇನೆ.

ಊರು ಇರುವುದು 78 ಡಿಗ್ರಿ ಉತ್ತರದಲ್ಲಿ. ಅಕ್ಟೋಬರ್ 26ರ ಸುಮಾರಿಗೆ ಸೂರ್ಯ ಮುಳುಗಿದರೆ ಫೆಬ್ರವರಿ ಮಧ್ಯದವರೆಗೆ ಮತ್ತೆ ಹುಟ್ಟುವುದಿಲ್ಲ. ಅದರಲ್ಲೂ ನವೆಂಬರ್ ಮಧ್ಯದಿಂದ ಜನವರಿ ಕೊನೆವರೆಗೆ ಮಧ್ಯಾಹ್ನ ಹನ್ನೆರಡಕ್ಕೂ ಗಾಢ ಕತ್ತಲೆ. ಏಪ್ರಿಲ್ 20ರಿಂದ ಆಗಸ್ಟ್ 23ರವರೆಗೆ ಇದರ ಉಲ್ಟಾ, ಸೂರ್ಯ ಮುಳುಗುವುದೇ ಇಲ್ಲ.

ಎಲ್ಲರೂ ಕತ್ತಲೆಗೆ ಹೆದರುತ್ತಾರೆ. ನನಗೆ ಕಷ್ಟ ಆದದ್ದು ಬೆಳಕು. ರಾತ್ರಿ ಎರಡು ಗಂಟೆಗೆ ಕಿಟಕಿಯಲ್ಲಿ ಬಿಸಿಲು ಹೊಳೆಯುತ್ತಿರುತ್ತದೆ. ದೇಹಕ್ಕೆ ಮಲಗಬೇಕು ಅಂತ ಅನ್ನಿಸುವುದೇ ಇಲ್ಲ. ಕಿಟಕಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ ಮಲಗುತ್ತಿದ್ದೆ.

ಚಳಿ ಅಂದುಕೊಂಡಷ್ಟು ಭಯಂಕರ ಅಲ್ಲ. ಬೆಚ್ಚಗಿನ ಸಮುದ್ರದ ಹರಿವು ಆ ಕರಾವಳಿಯನ್ನು ಮುಟ್ಟುವುದರಿಂದ ಅದೇ ಅಕ್ಷಾಂಶದ ಬೇರೆ ಜಾಗಗಳಿಗಿಂತ ಮೆದು. 1986ರ ಮಾರ್ಚ್‌ನಲ್ಲಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಮೈನಸ್ 46.3 ಡಿಗ್ರಿ ದಾಖಲಾಗಿತ್ತು. ಆದರೆ ಅಂಥ ದಿನ ಈಗ ಅಪರೂಪ. 2020ರ ಜುಲೈ 25ರಂದು 21.7 ಡಿಗ್ರಿ ಮುಟ್ಟಿತ್ತು. ಪ್ರಪಂಚದಲ್ಲೇ ತೀರಾ ವೇಗವಾಗಿ ಬಿಸಿ ಆಗುತ್ತಿರುವ ಜಾಗಗಳಲ್ಲಿ ಇದೂ ಒಂದು. ಕಾಡುವುದು ಗಾಳಿ. ಮೈನಸ್ 15ರಲ್ಲಿ ಗಾಳಿ ಬೀಸಿದರೆ ಮುಖ ಸುಟ್ಟ ಹಾಗಾಗುತ್ತದೆ. ಚಳಿಗಾಲದಲ್ಲಿ ಮಳೆ ಬಂದು ರಸ್ತೆಯೆಲ್ಲಾ ಗಾಜಿನ ಹಾಗೆ ಆಗುವ ದಿನಗಳೂ ಈಗ ಇವೆ. ಶೂಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಇಲ್ಲದೆ ಹೆಜ್ಜೆ ಇಡಲು ಆಗುವುದಿಲ್ಲ.

ಮೈಸೂರಿನ ಅಪ್ಪ

ಹಿಮಕರಡಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನನ್ನ ಮಗಳು ಅಲ್ಲಿಗೆ ಓದಲು ಹೋಗ್ತೀನಿ ಅನ್ನುತ್ತಿದ್ದಾಳೆ. ನನಗೆ ಅದೇ ಹೆದರಿಕೆ.

ಹಿಮದ ವಿದ್ಯಾರ್ಥಿ

ಸಾರ್, ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. 2020ರ ಆಗಸ್ಟ್‌ನಲ್ಲಿ ವಿಮಾನ ನಿಲ್ದಾಣದ ಹತ್ತಿರದ ಕ್ಯಾಂಪಿಂಗ್ ಜಾಗದಲ್ಲಿ ಡೇರೆಯಲ್ಲಿದ್ದ ಒಬ್ಬರು ಕರಡಿ ದಾಳಿಯಲ್ಲಿ ಸತ್ತರು. ಆದರೆ ಊರೊಳಗೆ ಜನ ನಿಶ್ಚಿಂತೆಯಿಂದ ಓಡಾಡುತ್ತಾರೆ, ಮಕ್ಕಳು ಶಾಲೆಗೆ ನಡೆದೇ ಹೋಗುತ್ತಾರೆ. ಊರಿನ ಅಂಚಿನಲ್ಲಿ ಕರಡಿ ಚಿತ್ರದ ಫಲಕ ಇದೆ. ಅದನ್ನು ದಾಟಿ ಹೋಗುವವರು ಕರಡಿಯನ್ನು ಹೆದರಿಸುವ ಸಾಧನ ಇಟ್ಟುಕೊಂಡಿರಲೇಬೇಕು, ಬಂದೂಕೂ ಜೊತೆಗಿರಲಿ ಅಂತ ಗವರ್ನರ್ ಕಚೇರಿ ಸಲಹೆ ಕೊಡುತ್ತದೆ. ಯೂನಿಸ್‌ನಲ್ಲಿ ನಮಗೆ ಪಾಠ ಶುರುವಾಗುವ ಮೊದಲು ಬಂದೂಕು ಹಿಡಿಯುವ ತರಬೇತಿ ಕೊಟ್ಟರು. ಚಳಿಯಲ್ಲಿ ಗ್ಲೌಸ್ ಹಾಕಿಕೊಂಡೇ ಗುಂಡು ತುಂಬಿಸಬೇಕು. ಹತ್ತು ಸಲ ಮಾಡಿದರೂ ನನ್ನ ಬೆರಳು ನಡುಗುತ್ತಿತ್ತು. ಮೇಷ್ಟ್ರು ಹನ್ನೊಂದನೇ ಸಲವೂ ತಾಳ್ಮೆಯಿಂದ ಮಾಡಿಸಿದರು. ಮಗಳನ್ನು ಧೈರ್ಯವಾಗಿ ಕಳಿಸಿ ಸಾರ್.

2025ರ ಜನವರಿಯಿಂದ ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು ಅನ್ನುವ ನಿಯಮವೂ ಬಂದಿದೆ. ಮಾರ್ಚ್‌ನಿಂದ ಜೂನ್ ಕೊನೆವರೆಗೆ 500 ಮೀಟರ್. ಇದು ಕರಡಿಯ ಒಳ್ಳೆಯದಕ್ಕೂ ಹೌದು.

ಕರಡಿಗಿಂತ ನಾನು ಹೆದರುವುದು ಹಿಮ ಕುಸಿತಕ್ಕೆ. 2015ರ ಡಿಸೆಂಬರ್ 19ರಂದು ಬೆಟ್ಟದಿಂದ ಹಿಮ ಜಾರಿ 11 ಮನೆಗಳ ಮೇಲೆ ಬಿತ್ತು, ಇಬ್ಬರು ಸತ್ತರು. ಆಮೇಲೆ ಅಪಾಯದ ಜಾಗದ ಎಷ್ಟೋ ಮನೆಗಳನ್ನು ಕೆಡವಿ, ಬೆಟ್ಟಕ್ಕೆ ತಡೆಬೇಲಿ ಹಾಕಿದರು. ಮೊದಲೇ ಮನೆ ಕಮ್ಮಿ ಇದ್ದ ಊರು, ಇನ್ನೂ ಕಮ್ಮಿಯಾಯಿತು. ಅಕ್ಕ ಹೇಳಿದ ಮನೆ ಕಷ್ಟಕ್ಕೆ ಇದೂ ಒಂದು ಕಾರಣ.

ಧಾರವಾಡದವ ಮತ್ತೆ

ಕೆಲಸ ಎಲ್ಲಿ ಸಿಗುತ್ತದೆ ಅನ್ನುವುದಕ್ಕೂ ಇತಿಹಾಸ ಬೇಕು. ಜಾನ್ ಮನ್ರೋ ಲಾಂಗಿಯರ್ ಅನ್ನುವ ಅಮೆರಿಕದವರ ಕಂಪನಿ 1906ರಲ್ಲಿ ಕಲ್ಲಿದ್ದಲಿಗಾಗಿ ಕಟ್ಟಿದ ಊರು ಇದು. ಹೆಸರೂ ಅವರದೇ. ನೂರಕ್ಕೂ ಹೆಚ್ಚು ವರ್ಷ ಕಲ್ಲಿದ್ದಲೇ ಅನ್ನ ಹಾಕಿತು. 2023ರಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ನಿಂತು ಡೀಸೆಲ್ ಬಂತು. 2025ರಲ್ಲಿ ಕೊನೆಯ ನಾರ್ವೆ ಗಣಿಯೂ ಮುಚ್ಚಿತು. ಈಗ ಇರುವುದು ಪ್ರವಾಸೋದ್ಯಮ, ಸಂಶೋಧನೆ, ಸರ್ಕಾರಿ ಕಚೇರಿ. ಅಡುಗೆಯವರಿಗೆ ಕೆಲಸ ಇದೆ ಅಂತ ಆಯಿತು.

ಅಂದ ಹಾಗೆ, ಇನ್ನೂ ಉತ್ತರಕ್ಕೆ ನಿ-ಓಲೆಸುಂದ್‌ನಲ್ಲಿ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ಇದೆ, 2008ರಿಂದ. 2023ರ ಡಿಸೆಂಬರ್‌ನಲ್ಲಿ ಮೊದಲ ಸಲ ಚಳಿಗಾಲದಲ್ಲೂ ಇರಲು ಹೊರಟ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಅಲ್ಲಿಗೆ ಸುಮ್ನೆ ಹೋಗಿ ನೆಲೆಸಲು ಆಗುವುದಿಲ್ಲ, ಅದು ಸಂಶೋಧಕರ ಊರು.

ಕುಂದಾಪುರದ ಅಡುಗೆಯವ

ಎಲ್ಲರಿಗೂ ಮನಸಾರೆ ಧನ್ಯವಾದ. ಏಜೆಂಟ್‌ಗೆ ಇವತ್ತೇ ಬೇಡ ಅಂತ ಹೇಳಿದೆ. ಅವನು ಬೈದ. ಪರವಾಗಿಲ್ಲ.

ನಿಮ್ಮ ಮಾತು ಓದಿ ಅಲ್ಲಿನ ಎರಡು ಹೋಟೆಲ್‌ಗಳಿಗೆ ನಾನೇ ನೇರವಾಗಿ ಅರ್ಜಿ ಬರೆದೆ. ಅಮ್ಮನಿಗೂ ಎಲ್ಲಾ ಹೇಳಿದೆ. "ಎರಡು ವರ್ಷ ಹೋಗಿ ಬಾ, ಮನೆಯ ಮಾಡು ರಿಪೇರಿ ಮಾಡಿಸುವಷ್ಟು ದುಡ್ಡು ಮಾಡಿಕೊಂಡು ಬಾ, ನಾನು ಎಲ್ಲಿಗೂ ಬರುವುದಿಲ್ಲ" ಅಂದರು. ಅಕ್ಕ, ಅಲ್ಲಿ ಉಳಿತಾಯ ಆಗುತ್ತದಾ? ಊಟಕ್ಕೆ ಏನು ಮಾಡುತ್ತಿದ್ದಿರಿ?

ನಾಲ್ಕು ವರ್ಷ ಅಲ್ಲಿದ್ದವಳು

ಅಮ್ಮ ಗಟ್ಟಿ ಮನುಷ್ಯರು. ಅವರಿಗೆ ನನ್ನ ನಮಸ್ಕಾರ ಹೇಳಿ.

ಉಳಿತಾಯ ಆಗುತ್ತದೆ, ರೂಮ್ ಕೆಲಸದ ಜೊತೆಗೇ ಇದ್ದರೆ ಮಾತ್ರ. ತೆರಿಗೆ ಮುಖ್ಯ ನಾರ್ವೆಗಿಂತ ತುಂಬಾ ಕಡಿಮೆ, ವ್ಯಾಟ್ ಇಲ್ಲ. ಆದರೆ ತರಕಾರಿ, ಹಣ್ಣು, ಹಾಲು ಎಲ್ಲಾ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಗಿಡ ಬೆಳೆಯುವ ಮಣ್ಣಲ್ಲ ಅದು, ಒಂದು ಮರವೂ ಇಲ್ಲ. ಹವೆ ಕೆಟ್ಟು ವಿಮಾನ ತಡವಾದರೆ ಅಂಗಡಿಯ ತರಕಾರಿ ಕಪಾಟು ಬರಿದಾಗುತ್ತದೆ. ನಾನು ಕೋಸು, ಕ್ಯಾರೆಟ್, ಈರುಳ್ಳಿಯಲ್ಲೇ ಕಾಲ ಹಾಕಿದೆ. ಬೇಳೆ, ಅಕ್ಕಿಗೆ ತೊಂದರೆ ಇಲ್ಲ.

ಊರಿಂದ ಮೆಂತ್ಯ, ಇಂಗು, ಸಾರಿನ ಪುಡಿ, ಒಣಮೆಣಸು ತೆಗೆದುಕೊಂಡು ಹೋಗಿ. ತುಪ್ಪ ಮಾತ್ರ ಬೇಡ. ಯುರೋಪಿನ ಹೊರಗಿನಿಂದ ನಾರ್ವೆಗೆ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಅಮ್ಮ ಕಾಯಿಸಿ ಕೊಟ್ಟ ತುಪ್ಪವನ್ನು ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಹಾಕಿ ಅತ್ತವಳು ನಾನು. ಅಲ್ಲಿ ಒಳ್ಳೆ ಬೆಣ್ಣೆ ಸಿಗುತ್ತದೆ, ನೀವೇ ಕಾಯಿಸಿಕೊಳ್ಳಿ.

ಇಡ್ಲಿ ಹಿಟ್ಟಿನ ವಿಷಯ ಹೇಳಲೇಬೇಕು. ಹೊರಗೆ ಮೈನಸ್ 20 ಇದ್ದರೂ ಮನೆ ಒಳಗೆ ಬೆಚ್ಚಗಿರುತ್ತದೆ. ಬಾತ್‌ರೂಮ್ ನೆಲದ ಕೆಳಗೆ ಹೀಟರ್ ಇತ್ತು. ಹಿಟ್ಟಿನ ಪಾತ್ರೆಯನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ ಆ ನೆಲದ ಮೇಲೆ ಇಡುತ್ತಿದ್ದೆ. ಬೆಳಿಗ್ಗೆ ಮುಚ್ಚಳ ಎತ್ತಿದರೆ ಉಬ್ಬಿ ಅಂಚಿಗೆ ಬಂದಿರುತ್ತಿತ್ತು. ನನ್ನ ಫಿಲಿಪೈನ್ಸ್ ಗೆಳತಿಗೆ ಆ ಹುಳಿ ವಾಸನೆ ಇಷ್ಟ. ಅವಳ ಊರಲ್ಲೂ ಅಕ್ಕಿ ಹುದುಗಿಸಿ ಹಬೆಯಲ್ಲಿ ಬೇಯಿಸುತ್ತಾರಂತೆ. ಪ್ರತಿ ಭಾನುವಾರ ಬರುತ್ತಿದ್ದಳು. ಕತ್ತಲೆಯ ತಿಂಗಳುಗಳಲ್ಲಿ ನನ್ನನ್ನು ಕಾಪಾಡಿದ್ದು ಆ ಭಾನುವಾರಗಳು. ಡಿಸೆಂಬರ್‌ನಲ್ಲಿ ಪ್ರವಾಸಿಗರು ಕಮ್ಮಿ, ಕೆಲಸವೂ ಕಮ್ಮಿ. ರೂಮಿನಲ್ಲಿ ಒಬ್ಬರೇ ಕೂತರೆ ಮನಸ್ಸು ಕುಗ್ಗುತ್ತದೆ. ನೀವು ಅಡುಗೆ ಬಲ್ಲವರು. ಜನರನ್ನು ಊಟಕ್ಕೆ ಕರೆಯಿರಿ.

ಇನ್ನು ಕೆಲವು ಸಣ್ಣ ಮಾತು. ಹತ್ತಿ ಬಟ್ಟೆ ಬೇಡ, ಮೈಗೆ ಅಂಟುವ ಉಣ್ಣೆಯ ಒಳಬಟ್ಟೆ ಕೊಳ್ಳಿ. ದಪ್ಪ ಜಾಕೆಟ್ ಇಲ್ಲಿ ಕೊಳ್ಳಬೇಡಿ, ಊರು ಬಿಟ್ಟು ಹೋಗುವವರು ಅಲ್ಲೇ ಕಡಿಮೆ ಬೆಲೆಗೆ ಮಾರುತ್ತಾರೆ. ಕತ್ತಲೆಯಲ್ಲಿ ಗಾಡಿಯವರಿಗೆ ಕಾಣುವ ಹಾಗೆ ತೋಳಿಗೆ ಹೊಳೆಯುವ ಪಟ್ಟಿ ಕಟ್ಟಿಕೊಳ್ಳಿ. ಹೋಟೆಲ್, ಮ್ಯೂಸಿಯಂ ಎಲ್ಲಾ ಕಡೆ ಶೂ ಬಾಗಿಲಲ್ಲೇ ಬಿಡಬೇಕು, ಗಣಿಯವರ ಕಾಲದಿಂದ ಬಂದ ಪದ್ಧತಿ. ಮೊದಲ ದಿನ ಅದನ್ನು ನೋಡಿ ನನಗೆ ನಮ್ಮ ಮನೆಯ ಜಗಲಿ ನೆನಪಾಯಿತು. ಬೇಸಿಗೆಯಲ್ಲಿ ಟರ್ನ್ ಅನ್ನುವ ಬಿಳಿ ಹಕ್ಕಿಗಳು ಮರಿ ಕಾಯುವಾಗ ತಲೆಗೆ ಕುಕ್ಕಲು ಬರುತ್ತವೆ. ಒಂದು ಕೋಲನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಡೆಯಿರಿ. ಅವು ಕೋಲಿನ ತುದಿಗೆ ಕುಕ್ಕಿ ಹೋಗುತ್ತವೆ.

ಕುಂದಾಪುರದ ಅಡುಗೆಯವ

ಅಕ್ಕ, ಒಂದು ಹೋಟೆಲ್‌ನಿಂದ ಉತ್ತರ ಬಂದಿದೆ! ವಿಡಿಯೋ ಕಾಲ್‌ನಲ್ಲಿ ಮಾತಾಡಿದರು. ಕರಾರಿನಲ್ಲಿ ರೂಮ್ ಇದೆ, ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಕು. ಒಂದು ವರ್ಷದ ಕೆಲಸ, ಇಷ್ಟವಾದರೆ ಮುಂದುವರಿಸುತ್ತಾರಂತೆ. ಫೆಬ್ರವರಿಯಿಂದ ಮೇ ಸ್ಕೂಟರ್ ಸೀಸನ್, ಹಿಮದ ಮೇಲೆ ಸ್ನೋ ಸ್ಕೂಟರ್ ಓಡಿಸಲು ಜನ ಬರುತ್ತಾರೆ, ಅಷ್ಟರೊಳಗೆ ಬನ್ನಿ ಅಂದರು. ವಿಮೆ ಬಗ್ಗೆಯೂ ಕೇಳಿದೆ, ಬರೆದು ಕಳಿಸಿದ್ದಾರೆ. ಜನವರಿಯಲ್ಲೇ ಹೋಗಿ ಹೊಂದಿಕೊಳ್ಳಲಾ, ಫೆಬ್ರವರಿಗೆ ಹೋಗಲಾ?

ನಾಲ್ಕು ವರ್ಷ ಅಲ್ಲಿದ್ದವಳು

ಓದಿ ಕಣ್ಣು ತುಂಬಿ ಬಂತು. ಒಳ್ಳೆಯದಾಗಲಿ.

ಫೆಬ್ರವರಿ ಮೊದಲ ವಾರ ತಲುಪಿ. ಆಗ ಕತ್ತಲೆ ಸಡಿಲವಾಗಿ ಹಗಲಿಗೆ ನೀಲಿ ಬೆಳಕು ಬರುತ್ತದೆ. ಹಿಮ, ಬೆಟ್ಟ, ಫ್ಯೋರ್ಡ್‌ನ (ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರದ) ನೀರು ಎಲ್ಲಾ ನೀಲಿ. ದಿನದಿನಕ್ಕೂ ಬೆಳಕು ಜಾಸ್ತಿ ಆಗುವುದನ್ನು ನೋಡುತ್ತಾ ಹೊಸ ಊರಿಗೆ ಒಗ್ಗಿಕೊಳ್ಳುವುದು ಸುಲಭ.

ಮಾರ್ಚ್ 8ಕ್ಕೆ ಮಧ್ಯಾಹ್ನದ ಹೊತ್ತಿಗೆ ಒಂದು ತಾಸು ರಜೆ ಈಗಲೇ ಕೇಳಿ ಇಟ್ಟುಕೊಳ್ಳಿ. ಸೂರ್ಯ ಅದಕ್ಕೂ ಮೊದಲೇ ಹುಟ್ಟಿರುತ್ತಾನೆ, ಆದರೆ ಸುತ್ತ ಬೆಟ್ಟ ಇರುವುದರಿಂದ ಊರಿಗೆ ಬಿಸಿಲು ಮುಟ್ಟುವುದು ಆ ದಿನ. ಹಳೆಯ ಆಸ್ಪತ್ರೆಯ ಮೆಟ್ಟಿಲು ಮಾತ್ರ ಉಳಿದಿರುವ ಒಂದು ಜಾಗ ಇದೆ, ಊರಿಗೆ ಊರೇ ಅಲ್ಲಿ ಸೇರುತ್ತದೆ. ಮಕ್ಕಳು ಮುಖಕ್ಕೆ ಹಳದಿ ಬಣ್ಣ ಬಳಿದುಕೊಂಡು "ಸೂರ್ಯ ಬಂದ, ಸೂರ್ಯ ಬಂದ" ಅಂತ ನಾರ್ವೆ ಭಾಷೆಯಲ್ಲಿ ಕೂಗುತ್ತಾರೆ. ಮೋಡ ಇದ್ದರೆ ಬಿಸಿಲು ಕಾಣುವುದಿಲ್ಲ, ಆದರೂ ಕೂಗುತ್ತಾರೆ. ನನ್ನ ಮೊದಲ ವರ್ಷ ಮೋಡ ಇರಲಿಲ್ಲ. ಬಿಸಿಲು ಮೊದಲು ಮೇಲಿನ ಮೆಟ್ಟಿಲಿಗೆ ಬಿತ್ತು, ಆಮೇಲೆ ನನ್ನ ಗ್ಲೌಸ್ ಮೇಲೆ ಬಿತ್ತು. ಗ್ಲೌಸ್ ತೆಗೆದು ಬರಿಗೈ ಚಾಚಿದೆ.

ಟಿಕೆಟ್ ಆದ ಮೇಲೆ ಇಲ್ಲೇ ಒಂದು ಸಾಲು ಬರೆಯಿರಿ. ವೀಸಾ ಅರ್ಜಿಯಲ್ಲಿ "ಎರಡು ಎಂಟ್ರಿ" ಅಂತ ಗುರುತು ಹಾಕಿದ್ದೀರಾ ಅಂತ ಇನ್ನೊಮ್ಮೆ ನೋಡಿ.